ದಣಿದ ಜವರಾಯನಿಗೆ ಮಸಿಗಾಜಿನ ಕಾರ್ಡು

ಮೊದಲು ಕೈಕೊಟ್ಟದ್ದು ‘ಮೃತ್ಯು’ ಎಂಬ ಪದವೇ. ವಿಡಿಯೋ ಜೋಡಿಸುವ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದರೆ ಪರದೆಯ ಮೇಲೆ ‘ಮೃತ್‌ಯು’ ಎಂದು ಬಿತ್ತು. ಯಕಾರ ಕೆಳಗಿಳಿಯಲು ಒಪ್ಪದೆ ಪಕ್ಕದಲ್ಲೇ ನೆಟ್ಟಗೆ ನಿಂತಿತ್ತು. ಫಾಂಟ್ ಬದಲಿಸಿದೆ, ‘ಸ್ತ್ರೀ’ ಮೂರು ತುಂಡಾಯಿತು. ಇನ್ನೊಂದು ಫಾಂಟ್ ಹಾಕಿದೆ, ‘ಕರ್ತವ್ಯ’ದ ಅರ್ಕಾವತ್ತು ಬರೀ ‘ರ್’ ಆಗಿ ಹಿಂದೆಯೇ ಉಳಿಯಿತು. ತಪ್ಪು ಫಾಂಟಿನದಲ್ಲ, ಅಕ್ಷರಗಳನ್ನು ಕೂಡಿಸುವ ಕೆಲಸ ಆ ಸಾಫ್ಟ್‌ವೇರಿಗೆ ಬರುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ಭಾನುವಾರ ಕಳೆದಿತ್ತು.

ನಾನು ಮಾಡಹೊರಟದ್ದು ಇಷ್ಟು. 1921ರ ಜರ್ಮನ್ ಮೂಕಿಚಿತ್ರ ‘ಡೆರ್ ಮ್ಯೂಡೆ ಟೋಡ್’, ಅಂದರೆ ದಣಿದ ಸಾವು. ಫ್ರಿಟ್ಸ್ ಲ್ಯಾಂಗ್ ನಿರ್ದೇಶನ. ದೃಶ್ಯಗಳ ನಡುವೆ ಮಾತು ಬರೆದು ತೋರಿಸುವ ಅದರ ಇಂಗ್ಲಿಷ್ ಕಾರ್ಡುಗಳನ್ನೆಲ್ಲ ಕಿತ್ತು ಆ ಜಾಗದಲ್ಲಿ ಕನ್ನಡದ ಕಾರ್ಡು ಕೂರಿಸಿ, ಧಾರವಾಡದ ನಮ್ಮ ಓಣಿಯ ಜನಕ್ಕೆ ಒಂದು ಸಂಜೆ ತೋರಿಸುವುದು. ಕೆಳಗೆ ಸಬ್‌ಟೈಟಲ್ ಹಾಕಿದರೆ ಮುಗಿಯಿತಲ್ಲ ಎಂದು ಗೆಳೆಯರು ಹೇಳಿದರು. ಮಾತಿನ ಸಿನಿಮಾಕ್ಕಾದರೆ ಸರಿ. ಇಲ್ಲಿ ಇಡೀ ಪರದೆ ಕಪ್ಪಾಗಿ ನಟ್ಟನಡುವೆ ಇಂಗ್ಲಿಷ್ ನಿಂತಿರುತ್ತದೆ, ಅದರ ಕಾಲ ಬುಡದಲ್ಲಿ ಕನ್ನಡ ಕೂತರೆ ಬಾಡಿಗೆದಾರನ ಹಾಗೆ ಕಾಣುತ್ತದೆ. ಕಣ್ಣು ಮೊದಲು ದೊಡ್ಡಕ್ಷರಕ್ಕೇ ಹೋಗುತ್ತದೆ.

ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದುವೆಯಾಗಲಿರುವ ಜೋಡಿಯೊಂದು ಕುದುರೆಗಾಡಿಯಲ್ಲಿ ಸಣ್ಣ ಊರಿಗೆ ಬರುತ್ತದೆ. ದಾರಿಯಲ್ಲಿ ಉದ್ದನೆಯ ಕಪ್ಪು ಉಡುಪಿನ ಅಪರಿಚಿತನೊಬ್ಬ ಗಾಡಿ ಹತ್ತುತ್ತಾನೆ. ಊರ ಖಾನಾವಳಿಯಲ್ಲಿ ಹುಡುಗಿ ಒಳಗೆ ಹೋಗಿ ಬರುವಷ್ಟರಲ್ಲಿ ಹುಡುಗನೂ ಇಲ್ಲ, ಆ ಮನುಷ್ಯನೂ ಇಲ್ಲ. ಅವನು ಸ್ಮಶಾನದ ಪಕ್ಕದ ನೆಲ ಹಿಡಿದು ಬಾಗಿಲಿಲ್ಲದ ಎತ್ತರದ ಗೋಡೆ ಕಟ್ಟಿಸಿಕೊಂಡಿರುವ ಸಾವು. ಗೋಡೆಯೊಳಗೆ ಉರಿಯುವ ಮೇಣದ ಬತ್ತಿಗಳ ದೊಡ್ಡ ಹಜಾರ. ಒಂದೊಂದು ಬತ್ತಿಯೂ ಒಂದೊಂದು ಜೀವ. ಹುಡುಗಿ ಬೇಡಿಕೊಂಡಾಗ ಅವನು ಆರಲಿರುವ ಮೂರು ಬತ್ತಿ ತೋರಿಸುತ್ತಾನೆ: ಒಂದನ್ನಾದರೂ ಉಳಿಸಿದರೆ ನಿನ್ನವನನ್ನು ಬಿಡುತ್ತೇನೆ. ಬಾಗ್ದಾದಿನ ಕಡೆಯದೊಂದು, ವೆನಿಸ್‌ದೊಂದು, ಚೀನಾದ್ದೊಂದು ಕಥೆ. ಮೂರರಲ್ಲೂ ಅದೇ ಜೋಡಿ, ಮೂರರಲ್ಲೂ ಸೋಲು.

ಸಾವಿತ್ರಿಯ ಕಥೆ ಕೇಳಿ ಬೆಳೆದವರಿಗೆ ಇಲ್ಲಿ ಒಂದು ಏಟು ಬೀಳುತ್ತದೆ. ಸಾವಿತ್ರಿ ಯಮನ ಬೆನ್ನುಬಿಡದೆ ನಡೆದು, ಮಾತಿಗೆ ಮಾತು ಕೊಟ್ಟು, ವರದ ಮೇಲೆ ವರ ಕಿತ್ತುಕೊಂಡು ಗೆದ್ದವಳು. ಈ ಹುಡುಗಿಗೆ ಮಾತೇ ಇಲ್ಲ, ಕಾರ್ಡಿನಲ್ಲಿ ಬಂದಷ್ಟೇ ಮಾತು. ಹಾಗಾಗಿ ಆ ಕಾರ್ಡು ನೆಟ್ಟಗಿರಬೇಕು ಎಂಬ ಹಟ ನನಗೆ ಹತ್ತಿಕೊಂಡಿತು.

ಪ್ರತಿಯ ವಿಚಾರ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ, ಆದ್ದರಿಂದ ಈ ಚಿತ್ರದ್ದು ಎಂದೋ ತೀರಿದೆ. 2016ರಲ್ಲಿ ಜರ್ಮನಿಯ ಮುರ್ನಾವ್ ಫೌಂಡೇಶನ್ ಇದನ್ನು ಹೊಸದಾಗಿ ಸರಿಪಡಿಸಿ, ಹೊಸ ಸಂಗೀತದೊಂದಿಗೆ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿತು. ಅದು ಬೇರೆಯವರ ದುಡಿಮೆ, ಅದಕ್ಕೆ ಕೈ ಹಾಕಲಿಲ್ಲ. ನಾನು ಹಿಡಿದದ್ದು ಹಳೆಯ, ಗೀರು ಬಿದ್ದ, ಮಸುಕಾದ ಕಪ್ಪು-ಬಿಳುಪು ಪ್ರತಿ.

ಆ ಪ್ರತಿಯಲ್ಲಿ ಎಲ್ಲರೂ ಬಸ್ಸು ತಪ್ಪಿದವರಂತೆ ಓಡುತ್ತಿದ್ದರು. ಮೂಕಿಚಿತ್ರದ ಕಾಲಕ್ಕೆ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಇಷ್ಟೇ ಚೌಕಟ್ಟು (ಫ್ರೇಮು) ಎಂಬ ಕಟ್ಟುನಿಟ್ಟು ಇರಲಿಲ್ಲ. ಮಾತು ಬಂದ ಮೇಲೆ 24 ಎಂದು ಗಟ್ಟಿಯಾಯಿತು. ನನ್ನ ಫೈಲು ಅದೇ 24ರ ಓಟದಲ್ಲಿ 79 ನಿಮಿಷ, ಅಂದರೆ 1,13,760 ಚೌಕಟ್ಟು. 18ಕ್ಕೆ ಇಳಿಸಿ ನೋಡಿದೆ, ಸಾವು ನಡೆದು ಬರುವುದು ಚೆಂದ ಕಂಡಿತು, ಆದರೆ ಪ್ರೊಜೆಕ್ಟರಿನಲ್ಲಿ ಹಾಕಿದಾಗ ಪ್ರತಿ ಹೆಜ್ಜೆಯಲ್ಲೂ ಸಣ್ಣ ಜರ್ಕು. ಅದು ಸೆಕೆಂಡಿಗೆ 60 ಸಲ ಚಿತ್ರ ಬರೆಯುವ ಪ್ರೊಜೆಕ್ಟರ್. 60ನ್ನು 18ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಕೆಲವು ಚೌಕಟ್ಟು ಮೂರು ಸಲ, ಕೆಲವು ನಾಲ್ಕು ಸಲ ಬೀಳುತ್ತವೆ. 20 ಇಟ್ಟರೆ ಪ್ರತಿಯೊಂದಕ್ಕೂ ಸರಿಯಾಗಿ ಮೂರು. ಜರ್ಕು ಹೋಯಿತು. ಸಿನಿಮಾ 95 ನಿಮಿಷಕ್ಕೆ ಹತ್ತಿರ ಬಂತು.

ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ ಇದು ಒಂದೇ ಸಾಲಿನ ಆಜ್ಞೆ, ಕಾಲವನ್ನು 1.2ರಿಂದ ಗುಣಿಸುವುದು. ನಾನು ಜಾಣತನ ತೋರಿಸಲು ಹೋಗಿ, ಎರಡು ಚೌಕಟ್ಟಿನ ನಡುವೆ ಇಲ್ಲದ ಚೌಕಟ್ಟನ್ನು ಹುಟ್ಟಿಸುವ ಸೌಲಭ್ಯವನ್ನೂ ಹಚ್ಚಿದೆ. ಹಜಾರದ ಬತ್ತಿಗಳೆಲ್ಲ ತುಪ್ಪದಂತೆ ಹರಡಿದವು. ತೆಗೆದುಹಾಕಿದೆ. ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ಅದನ್ನು ಮುಟ್ಟಬೇಡಿ.

ಇನ್ನು ಕಾರ್ಡು. ಒಡೆದ ‘ಮೃತ್‌ಯು’ವನ್ನು ಮಾಮಾನಿಗೆ ತೋರಿಸಿದೆ. ಮಾಮಾ, ಅಂದರೆ ನನ್ನ ಸೋದರಮಾವ, ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನು. ಅದಕ್ಕೂ ಮೊದಲು ಟೂರಿಂಗ್ ಟಾಕೀಸಿಗೆ ಗಾಜಿನ ಸ್ಲೈಡ್ ಮಾಡುತ್ತಿದ್ದ. ಇಂಟರ್‌ವಲ್‌ನಲ್ಲಿ ಬಟ್ಟೆ ಅಂಗಡಿ, ಬೀಡಿ, ‘ಮುಂದಿನ ಬದಲಾವಣೆ’ ಎಂದೆಲ್ಲ ಬೀಳುತ್ತಿದ್ದವಲ್ಲ, ಅವು. ಮೊಬೈಲ್ ದೂರ ಹಿಡಿದು ನೋಡಿ ಹೇಳಿದ, “ಒಡದದ್ದು ಇರ್ಲಿ ಅಳಿಯಾ. ಕೂಡಿದ್ರೂ ಇದಕ್ಕ ಹೊಟ್ಟಿ ಇಲ್ಲ. ನೋಡಿಲ್ಲಿ, ‘ಮ’ದ ಹೊಟ್ಟಿ ಎಲ್ಲೈತಿ?”

ಒತ್ತಕ್ಷರ ಸರಿಯಾಗಿ ಕೂಡಿಸಲು ದಾರಿ ಇತ್ತು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು ಚಿತ್ರವಾಗಿ ಉಳಿಸಿ ತಂದರೆ ‘ಮೃತ್ಯು’ ಮೃತ್ಯುವಾಗಿಯೇ ಬರುತ್ತದೆ. ಹಾಗೆ ಹತ್ತು ಕಾರ್ಡು ಮಾಡಿಯೂ ನೋಡಿದೆ. ಆದರೆ ನೂರು ವರ್ಷ ಹಳೆಯ ನಡುಗುವ ಚಿತ್ರದ ಮಧ್ಯೆ ಆ ಚೊಕ್ಕ ಅಕ್ಷರ ಬ್ಯಾಂಕಿನ ನೋಟಿಸಿನಂತೆ ಕಂಡಿತು. ಮಾಮಾ ಆಗಲೇ ಅಟ್ಟದ ಮೇಲಿನ ಡಬ್ಬಿ ಇಳಿಸುತ್ತಿದ್ದ.

ಅವನ ಹಳೆಯ ಪದ್ಧತಿ ಹೀಗೆ: ಗಾಜಿಗೆ ಕಪ್ಪು ಬಣ್ಣ ತೆಳುವಾಗಿ ಬಳಿಯುವುದು, ಅರ್ಧ ಒಣಗಿದಾಗ ಸೂಜಿಯಿಂದ ಕೆರೆದು ಬರೆಯುವುದು. ಪೂರ್ತಿ ಹಸಿ ಇದ್ದರೆ ಕೆರೆದ ಗೆರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಪೂರ್ತಿ ಒಣಗಿದರೆ ಅಂಚು ಚಕ್ಕೆ ಏಳುತ್ತದೆ. ಆ ನಡುವಿನ ಹೊತ್ತು ಅವನ ಬೆರಳಿಗೆ ಗೊತ್ತಿತ್ತು. ಆದರೆ ಈಗಿನ ಬಣ್ಣ ಐದು ನಿಮಿಷದಲ್ಲಿ ಒಣಗಿ ಕೂರುತ್ತದೆ, ಮೂರು ಗಾಜು ಹಾಳಾದವು. ಆಗ ಮಸಿ ಹಿಡಿಯೋಣ ಎಂದ. ಚಿಮಣಿ ಎಣ್ಣೆ ಎಲ್ಲಿಂದ ತರುವುದು? ಕರ್ಪೂರ ಹಚ್ಚಿದೆವು. ಕರ್ಪೂರದ ಹೊಗೆ ಗಾಜಿನ ಮೇಲೆ ಮಖಮಲ್ಲಿನಂತೆ ಕೂರುತ್ತದೆ, ನುಣ್ಣಗೆ, ಅಚ್ಚಗಪ್ಪಾಗಿ. ಗಾಜನ್ನು ಒಂದೇ ಕಡೆ ಹಿಡಿಯಬಾರದು, ಆಡಿಸುತ್ತಿರಬೇಕು. ನಾನು ಹಿಡಿದು ನಿಂತು ಒಂದನ್ನು ಟಣ್ಣನೆ ಸೀಳಿಸಿದೆ.

ಮನೆಯೆಲ್ಲ ಗುಡಿಯ ವಾಸನೆ. ಅವ್ವ ಅಡುಗೆಮನೆಯಿಂದ ಕೂಗಿದಳು, “ಯಾರಿಗ್ರೋ ಆರತಿ?” ಮಾಮಾ ತಲೆ ಎತ್ತದೆ ಹೇಳಿದ, “ಜವರಾಯಗ.”

ನಾನು ಹತ್ತು ದಿನದಿಂದ ಹುಡುಕುತ್ತಿದ್ದ ಪದ ಅದು. ಜರ್ಮನ್‌ನಲ್ಲಿ ‘ಟೋಡ್’ ಪುಲ್ಲಿಂಗ, ಸಾವು ಒಬ್ಬ ಗಂಡಸಾಗಿ ಬರಲು ಭಾಷೆಯೇ ಬಾಗಿಲು ತೆರೆದಿದೆ. ಕನ್ನಡದ ಸಾವು ‘ಬಂತು’ ಎನ್ನಬೇಕು, ‘ಬಂದ’ ಎನ್ನಲಾಗದು. ‘ಮೃತ್ಯು’ ಎಂದರೆ ಹಿಂದೆಯೇ ದೇವತೆ ಬಂದು ಹೆಂಗಸಾಗುತ್ತದೆ. ‘ಯಮ’ ಎಂದರೆ ಕೋಣ, ಗದೆ, ಗಿರಿಜಾ ಮೀಸೆ, ಕಂಪನಿ ನಾಟಕದ ನಗು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಈ ಪಾತ್ರ ಮಾಡಿದ ಬೆರ್ನ್‌ಹಾರ್ಡ್ ಗೆಟ್ಸ್ಕೆಯ ಮುಖ ನೋಡಿದವರು ಅದನ್ನು ಒಪ್ಪುವುದಿಲ್ಲ. ಕೆನ್ನೆ ಒಳಗಿಳಿದ, ಎಷ್ಟೋ ವರ್ಷದಿಂದ ರಾತ್ರಿ ಪಾಳಿ ಮಾಡಿದವನ ಮುಖ. ಜನರ ನೋವು ನೋಡಿ ನೋಡಿ ಸಾಕಾಗಿದೆ, ಹೇಳಿದ ಕೆಲಸ ಮಾಡಿ ಶಾಪ ತಿನ್ನುವುದು ಸಾಕಾಗಿದೆ ಎನ್ನುವವನು ಅವನು. ‘ಜವ’ ಯಮನ ತದ್ಭವವೇ ಆದರೂ, ಹಾಡಿನಲ್ಲಿ, ಬೀಸುಕಲ್ಲಿನ ಮುಂದೆ ತಿರುಗಿ ತಿರುಗಿ ಮೀಸೆ ಕಿರೀಟ ಉದುರಿಹೋಗಿವೆ. ಬಾಗಿಲಿಗೆ ಬಂದು ನಿಲ್ಲುವ ಮನುಷ್ಯ ಉಳಿದಿದ್ದಾನೆ. ಚಿತ್ರದ ಉಪಶೀರ್ಷಿಕೆಯೂ ‘ಆರು ನುಡಿಗಳ ಒಂದು ಜರ್ಮನ್ ಜನಪದ ಹಾಡು’ ಎಂದೇ ಇದೆ. ಅಲ್ಲಿಗೆ ಹೆಸರು ನಿಂತಿತು: ‘ದಣಿದ ಜವರಾಯ’.

ಹೆಸರು ಕೂತ ಮೇಲೆ ಉಳಿದದ್ದೂ ಸಡಿಲಾಯಿತು. ನನ್ನ ಮೊದಲ ಕರಡಿನಲ್ಲಿ ಹುಡುಗಿ ಅವನಿಗೆ ‘ನೀವು’ ಎನ್ನುತ್ತಿದ್ದಳು. ‘ದಯವಿಟ್ಟು ನನ್ನ ಪ್ರಿಯಕರನನ್ನು ಹಿಂತಿರುಗಿಸಿ’ ಎಂದು ಬರೆದಿದ್ದೆ. ಅವ್ವ ಓದಿ, “ತಹಶೀಲ್ದಾರರಿಗೆ ಅರ್ಜಿ ಕೊಡಲಿಕ್ಕತ್ತಾಳೇನು?” ಎಂದಳು. ದೇವರಿಗೂ ಜವರಾಯನಿಗೂ ನಾವು ಬಹುವಚನ ಹಚ್ಚುವುದಿಲ್ಲ. ‘ನನ್ನವನನ್ನು ನನಗೆ ಕೊಡು’ ಎಂದಾಯಿತು. ಅವನು ಅವಳನ್ನು ‘ಮಗಳೇ’ ಎನ್ನುತ್ತಾನೆ.

ಓದುವ ವೇಳೆಯ ಲೆಕ್ಕಕ್ಕೂ ಅವ್ವನೇ ಅಳತೆಗೋಲು. ಪದ ಎಣಿಸಿ ಪ್ರಯೋಜನವಿಲ್ಲ, ‘ಉಳಿಸಿಕೊಳ್ಳಲಾರದವಳಾದೆ’ ಎನ್ನುವುದೂ ಒಂದೇ ಪದ. ಆದ್ದರಿಂದ ಅಕ್ಷರ ಎಣಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ತುಟಿಯಲ್ಲೇ ಓದಿ ಮುಗಿಸುವುದನ್ನು ಸ್ಟಾಪ್‌ವಾಚ್ ಹಿಡಿದು ನೋಡಿ ಒಂದು ಸೂತ್ರ ಕಟ್ಟಿಕೊಂಡೆ: ಐದು ಅಕ್ಷರಕ್ಕೆ ಒಂದು ಸೆಕೆಂಡು, ಮೇಲೆ ಎರಡು ಸೆಕೆಂಡು. ಮೂಕಿಚಿತ್ರದ ಒಂದು ಸುಖವೆಂದರೆ ಕಾರ್ಡನ್ನು ಎಷ್ಟು ಬೇಕಾದರೂ ಎಳೆಯಬಹುದು, ತುಟಿಗೂ ಧ್ವನಿಗೂ ತಾಳ ತಪ್ಪುವ ಭಯವಿಲ್ಲ. ಹಾಗೆಂದು ಎಳೆಯುತ್ತ ಹೋದರೆ ಸಿನಿಮಾ ಕಾದಂಬರಿಯಾಗುತ್ತದೆ. ಎರಡು ಸಾಲಿಗೆ ಮೀರಿದ್ದನ್ನೆಲ್ಲ ಕಡಿದೆ. ಮೂರನೆಯ ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ ಎಂದು ಮಾಮಾ ಮೊದಲೇ ಎಚ್ಚರಿಸಿದ್ದ.

ಗಾಜು ಹನ್ನೆರಡು ಇಂಚಿಗೆ ಒಂಬತ್ತು, ಹಳೆಯ ಪರದೆಯ ನಾಲ್ಕಕ್ಕೆ ಮೂರರ ಅಳತೆಗೆ. ಫೋಟೋ ಕಟ್ಟುವ ಅಂಗಡಿಯಲ್ಲಿ ಹನ್ನೆರಡು ತುಂಡು ಕತ್ತರಿಸಿ ತಂದೆ. ಬರೆಯುವುದು, ಫೋಟೋ ತೆಗೆಯುವುದು, ತೊಳೆಯುವುದು, ಮತ್ತೆ ಮಸಿ ಹಿಡಿಯುವುದು. ಕಾರ್ಡುಗಳು ನೂರರ ಆಸುಪಾಸು ಇದ್ದವು. ಮಾಮಾ ಮಣಿಕಟ್ಟಿಗೆ ಊರುಗೋಲಾಗಿ ಗಾಜಿನ ಮೇಲೆ ಒಂದು ಮರದ ಪಟ್ಟಿ ಅಡ್ಡ ಇಟ್ಟುಕೊಂಡು, ಗೋಣಿಚೀಲ ಹೊಲಿಯುವ ದಬ್ಬಳದಿಂದ ದಪ್ಪ ಗೆರೆ, ಸೂಜಿಯಿಂದ ತೆಳು ಗೆರೆ ಎಳೆಯುತ್ತಿದ್ದ. ತಲೆಕಟ್ಟು ಕೊನೆಗೆ. “ಮೊದಲ ಹೊಟ್ಟಿ, ಆಮ್ಯಾಲ ತಲಿ” ಎನ್ನುವುದು ಅವನ ಶಾಸ್ತ್ರ. ‘ಜವರಾಯ’ದ ಜಕಾರ ಕೆರೆಯುವಾಗ ಮಸಿ ಸಣ್ಣ ಸುರುಳಿಯಾಗಿ ಎದ್ದು ಬರುತ್ತಿತ್ತು, ಅದನ್ನು ಊದಬಾರದು, ಗಾಜು ಓರೆ ಮಾಡಿ ತಟ್ಟಿ ಬೀಳಿಸಬೇಕು.

ಎರಡನೆಯ ವಾರದ ಅನಾಹುತ ನನ್ನದೇ. ಬರೆದ ಹನ್ನೊಂದು ಗಾಜುಗಳನ್ನು ನಡುನಡುವೆ ಹಾಳೆ ಹಾಕಿ ಒಂದರ ಮೇಲೊಂದು ಪೇರಿಸಿಟ್ಟೆ. ಬೆಳಿಗ್ಗೆ ತೆಗೆದರೆ ಅಕ್ಷರದ ಸುತ್ತಲಿನ ಕಪ್ಪೆಲ್ಲ ಹಾಳೆಗೆ ಅಂಟಿ ಬಂದಿತ್ತು. ವೆನಿಸ್‌ನ ಕಥೆ ಪೂರ್ತಿ ಹಾಳೆಯ ಪಾಲಾಯಿತು. ಮಾಮಾ ಬೈಯಲಿಲ್ಲ, ಚಹಾ ಕುಡಿಯದೆ ಎದ್ದು ಹೋದ, ಅದು ಬೈಗುಳಕ್ಕಿಂತ ಜಾಸ್ತಿ. ಆಮೇಲೆ ಇದ್ದಿಲ ಚಿತ್ರ ಬರೆಯುವವರು ಬಳಸುವ ಸ್ಪ್ರೇ ತಂದೆ. ಹತ್ತಿರದಿಂದ ಹೊಡೆದರೆ ಮಸಿ ಕಣ್ಣೀರಿನಂತೆ ಇಳಿಯುತ್ತದೆ. ಕೈಯಳತೆ ದೂರದಿಂದ, ಎರಡು ಮೂರು ಸಲ, ಮಂಜು ಬಿದ್ದಂತೆ ಹೊಡೆಯಬೇಕು.

ಫೋಟೋಕ್ಕೆ ಕೆಳಗಿನಿಂದ ಎಲ್‌ಇಡಿ ಫಲಕದ ಬೆಳಕು, ಮೇಲೆ ಸ್ಟ್ಯಾಂಡಿಗೆ ಕಟ್ಟಿದ ಮೊಬೈಲ್. ಮೊದಲ ಸುತ್ತಿನಲ್ಲಿ ಚಿತ್ರದ ಅಡ್ಡಲಾಗಿ ಪಟ್ಟೆಗಳು ಬಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರನ್ನು 1/50ಕ್ಕೆ ಕಟ್ಟಿ, ಎಕ್ಸ್‌ಪೋಷರನ್ನೂ ಬೀಗ ಹಾಕಿದ ಮೇಲೆ ಸರಿಹೋಯಿತು. ಒಂದೇ ಫೋಟೋವನ್ನು ಆರು ಸೆಕೆಂಡು ನಿಲ್ಲಿಸಿದರೆ ಮಾತ್ರ ಕಾರ್ಡು ಹೆಣದಂತೆ ಬಿದ್ದಿರುತ್ತದೆ, ಅದರ ಹಿಂದೆ ಮುಂದೆ ಚಿತ್ರ ಉಸಿರಾಡುತ್ತಿರುವಾಗ. ಅದಕ್ಕೆ ಪ್ರತಿ ಗಾಜಿಗೆ ಮೂರು ಫೋಟೋ ತೆಗೆದು, ಪ್ರತಿ ಸಲವೂ ಗಾಜನ್ನು ಕೂದಲೆಳೆಯಷ್ಟು ಸರಿಸಿ, ಮೂರನ್ನೂ ಸರದಿಯಲ್ಲಿ ಓಡಿಸಿದೆ. ಅಕ್ಷರ ಅಲ್ಲಲ್ಲೇ ಸ್ವಲ್ಪ ತೂಗುತ್ತದೆ.

ಬಣ್ಣದ ಆಸೆಯೂ ಒಮ್ಮೆ ಹುಟ್ಟಿತು. ಆ ಕಾಲದಲ್ಲಿ ರಾತ್ರಿಗೆ ನೀಲಿ, ದೀಪದ ಕೋಣೆಗೆ ಹಳದಿ ಎಂದು ಫಿಲ್ಮನ್ನೇ ಬಣ್ಣದಲ್ಲಿ ಅದ್ದುತ್ತಿದ್ದರು. ಬತ್ತಿಗಳ ಹಜಾರಕ್ಕೆ ಹಳದಿ ಹಾಕಿದೆ, ಅರಿಶಿನ ಹಚ್ಚಿದಂತಾಯಿತು. ಬಿಟ್ಟೆ.

ಕಥೆಗೊಂದು ಅಕ್ಷರಶೈಲಿ ಮಾಡೋಣ ಎಂದದ್ದು ನಾನು. ಈ ಚಿತ್ರದ ಸೆಟ್ ಕಟ್ಟಿದವರಲ್ಲಿ ಹೆರ್ಮನ್ ವಾರ್ಮ್ ಮತ್ತು ವಾಲ್ಟರ್ ರೋರಿಗ್ ಕೂಡ ಇದ್ದರು. ಅದರ ಹಿಂದಿನ ವರ್ಷ ಬಂದ ‘ಕ್ಯಾಲಿಗಾರಿ’ ಚಿತ್ರದ ಸೊಟ್ಟ ಮನೆಗಳೂ ಅವರವೇ, ಅಲ್ಲಿ ಕಾರ್ಡಿನ ಅಕ್ಷರಗಳೂ ಮನೆಗಳಂತೆ ಸೊಟ್ಟಗಿದ್ದವು. ಮಾಮಾ ಒಪ್ಪಿದ: ಜರ್ಮನ್ ಹಳ್ಳಿಗೆ ದಪ್ಪ ಗುಂಡಕ್ಷರ, ಬಾಗ್ದಾದಿಗೆ ಬಾಲ ಎಳೆದ ಬಳುಕು, ವೆನಿಸ್‌ಗೆ ತೆಳು ಸೂಜಿ. ಚೀನಾದ ಕಥೆಗೆ ಬಂದಾಗ ನಾನು ಕಡ್ಡಿ ಜೋಡಿಸಿದಂಥ ಅಕ್ಷರದ ನಮೂನೆ ತೋರಿಸಿದೆ. “ನೂಡಲ್ಸ್ ಗಾಡಿ ಬೋರ್ಡ್ ಬರೀಲೇನು?” ಎಂದು ಪಕ್ಕಕ್ಕೆ ಸರಿಸಿದ. ಅವನು ಹೇಳಿದ್ದೇ ಸರಿ. ಆ ಕಥೆ ಬರ್ಲಿನ್‌ನ ಸ್ಟುಡಿಯೋ ಕಂಡ ಚೀನಾ, ಜರ್ಮನ್ ನಟರು ಕಣ್ಣು ಓರೆ ಮಾಡಿಕೊಂಡು ನಿಂತಿದ್ದಾರೆ. ಅದಕ್ಕೆ ನಾವೂ ಒಂದು ಮುಖವಾಡ ಸೇರಿಸುವ ಅಗತ್ಯವಿರಲಿಲ್ಲ. ಆದರೆ ಅಲ್ಲಿನ ಮಾಂತ್ರಿಕನ ಹಾರುವ ಚಾಪೆ, ಅಂಗೈಯಷ್ಟೆತ್ತರದ ಸೈನ್ಯ ಇವತ್ತಿಗೂ ಮಕ್ಕಳ ಬಾಯಿ ಮುಚ್ಚಿಸುತ್ತವೆ. ಹಾಲಿವುಡ್‌ನ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ ಈ ಚಿತ್ರದ ಅಮೆರಿಕದ ಹಕ್ಕು ಕೊಂಡು ಬಚ್ಚಿಟ್ಟು, 1924ರಲ್ಲಿ ತನ್ನದೇ ‘ಬಾಗ್ದಾದಿನ ಕಳ್ಳ’ ಚಿತ್ರದಲ್ಲಿ ಚಾಪೆ ಹಾರಿಸಿದ. ಚಾಪೆಗೂ ಅಸೂಯೆ ಪಡುವ ಜನ.

ಹೆಸರುಗಳ ಕಾರ್ಡು ಬರೆಯುವಾಗ ಮಾಮಾ ‘ತೆಯಾ ಫಾನ್ ಹಾರ್ಬೌ’ ಎಂಬಲ್ಲಿ ನಿಂತು ಯಾರಿವಳು ಎಂದು ಕೇಳಿದ. ಕಥೆ ಬರೆದವಳು, ಮರುವರ್ಷ ಲ್ಯಾಂಗ್‌ನನ್ನು ಮದುವೆಯಾದವಳು. 1933ರಲ್ಲಿ ಇಬ್ಬರೂ ಬೇರೆಯಾದರು, ಲ್ಯಾಂಗ್ ದೇಶ ಬಿಟ್ಟ, ಆಕೆ ಉಳಿದು ನಾಜಿ ಪಕ್ಷ ಸೇರಿದಳು. ಲ್ಯಾಂಗ್‌ನಿಂದ ಬೇರೆಯಾದ ಮೇಲೆ ಆಕೆ ಗುಟ್ಟಾಗಿ ಕೈಹಿಡಿದದ್ದು ಪತ್ರಕರ್ತ ಆಯಿ ತೆಂಡೂಲ್ಕರ್ ಅವರನ್ನು. ಬೆಳಗಾವಿ ಪಕ್ಕದ ಬೆಳಗುಂದಿಯವರು. “ನಮ್ಮ ಬೆಳಗುಂದಿ?” ಎಂದು ಮಾಮಾ ದಬ್ಬಳ ಕೆಳಗಿಟ್ಟ. 1954ರಲ್ಲಿ ಬರ್ಲಿನ್‌ನಲ್ಲಿ ಇದೇ ಚಿತ್ರವನ್ನು ಮತ್ತೆ ತೋರಿಸಿದಾಗ ಆಕೆ ಮುಖ್ಯ ಅತಿಥಿ. ಚಿತ್ರಮಂದಿರದಿಂದ ಹೊರಬರುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಗಿ, ಕೆಲವೇ ದಿನಗಳಲ್ಲಿ, ಜುಲೈ 1ರಂದು ತೀರಿಕೊಂಡಳು. ಮಾಮಾ ಬಹಳ ಹೊತ್ತು ಏನೂ ಹೇಳಲಿಲ್ಲ. ಆ ಕಾರ್ಡಿನಲ್ಲಿ ಆಕೆಯ ಹೆಸರು ಲ್ಯಾಂಗ್‌ನ ಹೆಸರಿಗಿಂತ ಒಂದು ಗೆರೆ ದಪ್ಪ ಬಂದಿದೆ, ನಾನು ಕೇಳಲಿಲ್ಲ.

ಹೆಚ್ಚು ಹೊತ್ತು ತಿಂದದ್ದು ಕೊನೆಯ ಭಾಗದ ಒಂದೇ ಸಾಲು. ಮೂರು ಬತ್ತಿಯೂ ಆರಿದ ಮೇಲೆ ಜವರಾಯ ಕನಿಕರಪಟ್ಟು ಇನ್ನೊಂದು ಗಳಿಗೆ ಕೊಡುತ್ತಾನೆ: ಬದುಕು ಬಾಕಿ ಇರುವ ಯಾರಾದರೂ ತಮ್ಮ ಜೀವ ಕೊಟ್ಟರೆ ಬದಲಾಯಿಸಿಕೊಳ್ಳುತ್ತೇನೆ. ಹುಡುಗಿ ಮುದುಕ ಔಷಧಿಯವನನ್ನು ಕೇಳುತ್ತಾಳೆ, ಭಿಕ್ಷುಕನನ್ನು ಕೇಳುತ್ತಾಳೆ, ಆಸ್ಪತ್ರೆಯ ಹಣ್ಣುಹಣ್ಣು ಮುದುಕಿಯರನ್ನು ಕೇಳುತ್ತಾಳೆ. ಎಲ್ಲರದೂ ಒಂದೇ ಉತ್ತರ. ನಮ್ಮ ಕಾರ್ಡಿನಲ್ಲಿ ಅದು ಹೀಗಾಯಿತು: ‘ಒಂದು ದಿನ ಇಲ್ಲ, ಒಂದು ಗಳಿಗೆ ಇಲ್ಲ, ಒಂದು ಉಸಿರೂ ಇಲ್ಲ!’ ಮೊದಲು ಮೂರಕ್ಕೂ ‘ಊ’ ಹಚ್ಚಿದ್ದೆ, ದಿನವೂ ಗಳಿಗೆಯೂ ಉಸಿರೂ ಎಂದು. ಓದಿದರೆ ಮೂರೂ ಒಂದೇ ತೂಕ. ಕೊನೆಯದಕ್ಕೆ ಮಾತ್ರ ಉಳಿಸಿದೆ. ಇಪ್ಪತ್ತು ಅಕ್ಷರ, ಆರು ಸೆಕೆಂಡು, 120 ಚೌಕಟ್ಟು. ಒಂದೇ ಗಾಜು ಸಾಕಿತ್ತು, ಫೋಟೋ ಮೂರು ಸಲ ಬಳಸಬಹುದಿತ್ತು. ಮಾಮಾ ಒಪ್ಪದೆ ಮೂರು ಗಾಜು ಬರೆದ, ಒಂದಕ್ಕಿಂತ ಒಂದು ಸಣ್ಣಕ್ಷರದಲ್ಲಿ. ಮುದುಕಿಯರ ಕಾರ್ಡಿನಲ್ಲಿ ಸುತ್ತಲೂ ಬರೀ ಕಪ್ಪು, ನಡುವೆ ಇರುವೆ ಸಾಲಿನಷ್ಟು ಅಕ್ಷರ.

ಒಂದು ಕಡೆ ಸೋತೆ. ಹುಡುಗಿ ಔಷಧಿಯವನ ಮನೆಯಲ್ಲಿ ಬೈಬಲಿನ ಸಾಲೊಂದನ್ನು ಓದುತ್ತಾಳೆ, ಪ್ರೀತಿ ಸಾವಿನಷ್ಟೇ ಬಲವುಳ್ಳದ್ದು ಎಂದು. ಜರ್ಮನ್‌ನಲ್ಲಿ ಅಲ್ಲಿಯೂ ‘ಟೋಡ್’, ಗೋಡೆಯೊಳಗಿನವನೂ ‘ಟೋಡ್’. ಆ ಸಾಲನ್ನು ಹಿಡಿದೇ ಅವಳು ಅವನೆದುರು ಹೋಗುವುದು. ನನ್ನ ಕಾರ್ಡಿನಲ್ಲಿ ಒಂದು ಕಡೆ ಸಾವು, ಇನ್ನೊಂದು ಕಡೆ ಜವರಾಯ. ಗಂಟು ಬಿಚ್ಚಿಹೋಯಿತು. ‘ಜವರಾಯನಷ್ಟೇ ಗಟ್ಟಿ’ ಎಂದು ಬರೆದು ನೋಡಿದೆ, ಧರ್ಮಗ್ರಂಥದ ಗತ್ತು ಹೋಯಿತು. ‘ಸಾವು’ ಎಂದೇ ಬಿಟ್ಟಿದ್ದೇನೆ. ಇನ್ನೂ ಕಚ್ಚುತ್ತದೆ.

ತೋರಿಸಿದ್ದು ನಮ್ಮ ಮಾಳಿಗೆಯ ಮೇಲೆ, ಬಿಳಿ ದುಪ್ಪಡಿ ಕಟ್ಟಿ. ಇಪ್ಪತ್ತೈದು ಜನ ಇದ್ದಿರಬಹುದು. ಭಜನೆಯ ಹಾರ್ಮೋನಿಯಂ ನುಡಿಸುವವರೊಬ್ಬರು ಕತ್ತಲಲ್ಲಿ ಸುರ ಹಿಡಿದು ಕೂತಿದ್ದರು, ಬತ್ತಿಗಳ ಹಜಾರದಲ್ಲಿ ಷಡ್ಜವೊಂದನ್ನೇ ಒತ್ತಿ ಹಿಡಿದರು, ಅಷ್ಟೇ ಸಾಕಾಯಿತು. ಜವರಾಯ ಬತ್ತಿಯ ಮೇಲಿನ ಜ್ವಾಲೆಯನ್ನು ಎರಡು ಕೈಯಲ್ಲಿ ಎತ್ತಿದಾಗ ಅದು ಕೂಸಾಗುತ್ತದೆ, ಎಲ್ಲೋ ಒಬ್ಬ ತಾಯಿ ಅಳುತ್ತಾಳೆ. ಹಿಂದಿನ ಸಾಲಿನಲ್ಲಿ ಯಾರೋ “ಎಣ್ಣೆ ತೀರಿತು” ಎಂದರು, ಮೆಲ್ಲಗೆ. ಕೊನೆಗೆ ಉರಿಯುವ ಆಸ್ಪತ್ರೆಯಲ್ಲಿ ಹುಡುಗಿಯ ಕೈಗೆ ಒಂದು ಕೂಸು ಸಿಗುತ್ತದೆ. ಅದನ್ನು ಕೊಟ್ಟರೆ ಅವಳವನು ಬರುತ್ತಾನೆ, ಜವರಾಯ ಕೈಚಾಚಿ ನಿಂತಿದ್ದಾನೆ. ಅವಳು ಕೂಸನ್ನು ಕಿಟಕಿಯಿಂದ ತಾಯಿಗೆ ಇಳಿಸುತ್ತಾಳೆ. ಆ ಜಾಗದ ಕಾರ್ಡು ಕಡಿಮೆ ಮಾಡಿದ್ದು ಒಳ್ಳೆಯದಾಯಿತು, ಯಾರೂ ಓದುತ್ತಿರಲಿಲ್ಲ.

ಮಾಮಾ ಮಾತ್ರ ಚಿತ್ರ ನೋಡಿದನೋ ಕಾರ್ಡು ನೋಡಿದನೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೇ ಫೋನು. “ಬಾಗ್ದಾದಿನ ಕಥಿಯೊಳಗ ‘ತೋಟಗಾರ’ಗ ದೀರ್ಘ ಬಿಟ್ಟೀನಿ, ‘ತೊಟಗಾರ’ ಆಗೇತಿ. ಗಾಜು ಐತೇನು?” ಗಾಜು ಯಾವಾಗಲೋ ತೊಳೆದು ಬೇರೆ ಕಾರ್ಡಾಗಿ, ಅದೂ ತೊಳೆದಾಗಿತ್ತು. ಕರ್ಪೂರ ಮುಗಿದಿದೆ, ಸಂಜೆ ತರಬೇಕು.